ಮಾಸ್ಟರ್ಸ್‌ನಲ್ಲಿ ಫೈನಾನ್ಸ್ ಥಿಯರಿ: ಬಿ.ಕಾಂ. ಮಾಡಿದವರು ಇದನ್ನು ಹೇಗೆ ಹಿಡಿಯಬೇಕು?

ತೊಗರಿಹೊಲ

ಎಲ್ಲರಿಗೂ ನಮಸ್ಕಾರ. ನಾನು ಕಲಬುರಗಿ ಜಿಲ್ಲೆಯವನು. ಬಿ.ಕಾಂ. ಮುಗಿಸಿ ಈ ವರ್ಷ ಎಂ.ಎಸ್ಸಿ. ಫೈನಾನ್ಸ್ ಸೇರಿದ್ದೇನೆ. ಮೊದಲ ಸೆಮಿಸ್ಟರ್‌ನಲ್ಲಿ ಫೈನಾನ್ಸ್‌ನ ಬುನಾದಿ ಸಿದ್ಧಾಂತಗಳದ್ದೇ ಒಂದು ಪೇಪರ್ ಇದೆ. ಬಿ.ಕಾಂ.ನಲ್ಲಿ ಫೈನಾನ್ಸ್ ಅಂದರೆ ರೇಷಿಯೋ, ವರ್ಕಿಂಗ್ ಕ್ಯಾಪಿಟಲ್, ಎನ್‌ಪಿವಿ. ಇಲ್ಲಿ ಮೊದಲ ದಿನದಿಂದ ಬೋರ್ಡ್ ತುಂಬ ಯುಟಿಲಿಟಿ ಫಂಕ್ಷನ್, ಕಾನ್‌ಕೇವ್, ಲಗ್ರಾಂಜ್. ಆರು ವಾರದಲ್ಲಿ ಒಂದು ಕಂಪನಿಯ ಹೆಸರೂ ಬರಲಿಲ್ಲ, ರೂಪಾಯಿ ಚಿಹ್ನೆಯೂ ಬರಲಿಲ್ಲ.

ಇಂಟರ್ನಲ್ಸ್‌ನಲ್ಲಿ 30ಕ್ಕೆ 9 ಬಂತು. ಸಾಬೀತುಗಳನ್ನು ಬಾಯಿಪಾಠ ಮಾಡಿದ್ದೆ. ಪ್ರಶ್ನೆಯಲ್ಲಿ ಒಂದು ಷರತ್ತು ಬದಲಾಯಿಸಿ ಕೇಳಿದರು, ಕೈ ನಿಂತುಹೋಯಿತು. ಅಪ್ಪ ತೊಗರಿ ಮಾರಿ ಫೀಸು ಕಟ್ಟಿದ್ದಾರೆ. ಹಾಗಾಗಿ ಬಿಟ್ಟು ಹೋಗುವ ಮಾತಿಲ್ಲ. ಆದರೆ ಇದೆಲ್ಲ ಯಾಕೆ, ಯಾವುದರ ಮೇಲೆ ಯಾವುದು ನಿಂತಿದೆ ಅಂತ ಯಾರಾದರೂ ಕನ್ನಡದಲ್ಲಿ ಹೇಳಿದರೆ ದೊಡ್ಡ ಉಪಕಾರ.

ಎರಡನೇ ವರ್ಷ

ನಾನೂ ಬಿ.ಕಾಂ. ಹೋದ ವರ್ಷ ಇದೇ ಸ್ಥಿತಿ. ಒಂದು ಮಾತು: ಮೊದಲು ಪ್ರಾಬಬಿಲಿಟಿ ಸರಿ ಮಾಡಿಕೊಳ್ಳಿ. ಫೈನಾನ್ಸ್ ಅರ್ಥವಾಗ್ತಿಲ್ಲ ಅಂತ ನಾನು ಎರಡು ತಿಂಗಳು ಒದ್ದಾಡಿದೆ. ಅರ್ಥವಾಗದೇ ಇದ್ದದ್ದು ಕಂಡಿಷನಲ್ ಎಕ್ಸ್‌ಪೆಕ್ಟೇಶನ್, ಅಂದರೆ ಒಂದಿಷ್ಟು ಗೊತ್ತಾದ ಮೇಲೆ ಉಳಿದದ್ದರ ಸರಾಸರಿ ನಿರೀಕ್ಷೆ. ಅದಕ್ಕೆ ಮೂರು ವಾರ ಕೊಟ್ಟ ಮೇಲೆ ಉಳಿದದ್ದು ತಾನಾಗಿ ಬಿಚ್ಚಿಕೊಂಡಿತು.

ಮಲೆನಾಡ ಮೇಷ್ಟ್ರು

ಮೂವತ್ತು ವರ್ಷ ಅರ್ಥಶಾಸ್ತ್ರ ಕಲಿಸಿದ್ದೇನೆ, ಈಗ ನಿವೃತ್ತ. ನಿಮ್ಮ ಪ್ರಶ್ನೆಗೆ ಉತ್ತರ ನಿಮ್ಮ ಮಾತಲ್ಲೇ ಇದೆ: "ಒಂದು ಷರತ್ತು ಬದಲಾಯಿಸಿ ಕೇಳಿದರು". ಈ ವಿಷಯದ ಜೀವ ಇರುವುದೇ ಅಲ್ಲಿ. ಫೈನಾನ್ಸ್ ಥಿಯರಿಯ ಒಂದೊಂದು ಪ್ರಮೇಯವೂ ಒಂದು ಷರತ್ತುಗಳ ಪಟ್ಟಿ. ಪಟ್ಟಿಯಿಂದ ಒಂದನ್ನು ಕಿತ್ತರೆ ಏನು ಬೀಳುತ್ತದೆ, ಏನು ನಿಲ್ಲುತ್ತದೆ ಅಂತ ನೋಡುವುದೇ ಓದು. ಫಲಿತಾಂಶ ಬಾಯಿಪಾಠ ಮಾಡಿದರೆ ಕೈಯಲ್ಲಿ ಏನೂ ಉಳಿಯುವುದಿಲ್ಲ.

ಯಾವುದರ ಮೇಲೆ ಯಾವುದು ಅಂತ ಕೇಳಿದಿರಿ. ಈ ಕಟ್ಟಡಕ್ಕೆ ಎರಡು ಬಾಗಿಲು. ಒಂದು ಬಾಗಿಲಲ್ಲಿ ಮನುಷ್ಯ ನಿಂತಿದ್ದಾನೆ. ಅವನಿಗೆ ಏನು ಬೇಕು, ಎಷ್ಟು ಹೆದರುತ್ತಾನೆ ಅನ್ನುವುದರಿಂದ ಬೆಲೆ ಹುಟ್ಟುತ್ತದೆ. 1738ರಲ್ಲಿ ಡೇನಿಯಲ್ ಬರ್ನೂಲಿ ಕೇಳಿದ ಪ್ರಶ್ನೆ ಇದು. 1944ರಲ್ಲಿ ಫಾನ್ ನಾಯ್‌ಮನ್ ಮತ್ತು ಮಾರ್ಗನ್‌ಸ್ಟರ್ನ್ ಅದಕ್ಕೆ ಗಟ್ಟಿ ತಳಪಾಯ ಹಾಕಿದರು. 1952ರಲ್ಲಿ ಮಾರ್ಕೋವಿಟ್ಜ್ ಹೂಡಿಕೆಯನ್ನು ಹಂಚುವ ಸಿದ್ಧಾಂತವನ್ನು, 1964ರಲ್ಲಿ ಶಾರ್ಪ್ ರಿಸ್ಕ್‌ಗೆ ತಕ್ಕ ಪ್ರತಿಫಲದ ಸಿದ್ಧಾಂತವನ್ನು ಅದರ ಮೇಲೆ ಕಟ್ಟಿದರು.

ಇನ್ನೊಂದು ಬಾಗಿಲಲ್ಲಿ ಮನುಷ್ಯನೇ ಇಲ್ಲ. ಒಂದೇ ಫಲ ಕೊಡುವ ಎರಡು ವಸ್ತುಗಳ ಬೆಲೆ ಒಂದೇ ಇರಬೇಕು, ಇಲ್ಲದಿದ್ದರೆ ಪುಕ್ಕಟೆ ಲಾಭ ಸಿಗುತ್ತದೆ. ಅಷ್ಟೇ. ಮೋಡಿಗ್ಲಿಯಾನಿ ಮತ್ತು ಮಿಲ್ಲರ್ 1958ರಲ್ಲಿ ಬಳಸಿದ್ದು ಇದನ್ನೇ. 1973ರಲ್ಲಿ ಬ್ಲ್ಯಾಕ್, ಶೋಲ್ಸ್, ಮರ್ಟನ್ ಆಪ್ಷನ್‌ಗಳಿಗೆ (ಮುಂದೆ ಗೊತ್ತಾದ ಬೆಲೆಗೆ ಕೊಳ್ಳುವ ಅಥವಾ ಮಾರುವ ಹಕ್ಕು) ಬೆಲೆ ಕಟ್ಟಲು ಬಳಸಿದ್ದೂ ಇದನ್ನೇ.

ನಿಮ್ಮ ತರಗತಿಯಲ್ಲಿ ಬಹುಶಃ ಮೊದಲ ಬಾಗಿಲಿಂದ ಒಳಗೆ ಕರೆದುಕೊಂಡು ಹೋಗಿ, ಎರಡನೆಯದರ ಬಗ್ಗೆ ಇನ್ನೂ ಹೇಳಿಲ್ಲ. ಅದಕ್ಕೇ ಕತ್ತಲು ಅನ್ನಿಸುತ್ತಿದೆ.

ಇನ್ನೊಂದು ವಿಷಯ. ನಿಮಗೆ ಇದು ಫೈನಾನ್ಸ್ ಥರ ಕಾಣುತ್ತಿಲ್ಲ ಅಲ್ವಾ? ಮಾರ್ಕೋವಿಟ್ಜ್ ಡಾಕ್ಟರೇಟ್ ಪರೀಕ್ಷೆಗೆ ಕೂತಾಗ, ಇದು ಅರ್ಥಶಾಸ್ತ್ರವೇ ಅಲ್ಲ ಅಂತ ಮಿಲ್ಟನ್ ಫ್ರೀಡ್‌ಮನ್ ವಾದಿಸಿದ್ದರು. ಅದನ್ನು ಮಾರ್ಕೋವಿಟ್ಜ್ ತಮ್ಮ 1990ರ ನೊಬೆಲ್ ಭಾಷಣದಲ್ಲಿ ತಾವೇ ಹೇಳಿಕೊಂಡಿದ್ದಾರೆ.

ಹುಬ್ಬಳ್ಳಿ ಆಡಿಟರ್

ಮೇಷ್ಟ್ರೇ, ಗೌರವದಿಂದಲೇ ಕೇಳುತ್ತೇನೆ. ಸಾಲ ತಗೊಂಡರೂ ಶೇರು ಮಾರಿದರೂ ಕಂಪನಿಯ ಒಟ್ಟು ಬೆಲೆ ಬದಲಾಗುವುದಿಲ್ಲ ಅಂತ ಮೋಡಿಗ್ಲಿಯಾನಿ–ಮಿಲ್ಲರ್ ಹೇಳುತ್ತಾರೆ. ನನ್ನ ಟೇಬಲ್ ಮೇಲೆ ಬರುವ ಪ್ರತಿ ಕಂಪನಿಯೂ ಎಷ್ಟು ಸಾಲ, ಎಷ್ಟು ಬಂಡವಾಳ ಅಂತಲೇ ತಲೆ ಕೆಡಿಸಿಕೊಂಡಿರುತ್ತದೆ. ಸಾಲದ ಬಡ್ಡಿಗೆ ತೆರಿಗೆ ವಿನಾಯಿತಿ ಇದೆ. ಸಾಲ ಕಟ್ಟದಿದ್ದರೆ ಕಂಪನಿ ಕಾನೂನು ನ್ಯಾಯಮಂಡಳಿಯ ಮೆಟ್ಟಿಲು ಹತ್ತಬೇಕು. ಕಣ್ಣೆದುರಿನ ಜಗತ್ತಿಗೆ ಹೊಂದದ ಪ್ರಮೇಯವನ್ನು ಹುಡುಗರಿಗೆ ಯಾಕೆ ಕಲಿಸಬೇಕು?

ಮಲೆನಾಡ ಮೇಷ್ಟ್ರು

ನೀವು ಹೇಳಿದ ಪ್ರತಿಯೊಂದು ಕಾರಣವೂ ಆ ಪ್ರಮೇಯದ ಒಂದೊಂದು ಷರತ್ತು, ನೋಡಿ. ತೆರಿಗೆ ಇಲ್ಲ, ದಿವಾಳಿಗೆ ಖರ್ಚಿಲ್ಲ, ಮ್ಯಾನೇಜರಿಗೂ ಹೂಡಿಕೆದಾರನಿಗೂ ಗೊತ್ತಿರುವುದು ಒಂದೇ, ಎಲ್ಲರಿಗೂ ಒಂದೇ ಬಡ್ಡಿಗೆ ಸಾಲ ಸಿಗುತ್ತದೆ. ಇಷ್ಟೂ ಇದ್ದರೆ ಸಾಲದಿಂದ ಬೆಲೆ ಬದಲಾಗದು. ಹಾಗಾದರೆ ಸಾಲದಿಂದ ನಿಜಕ್ಕೂ ವ್ಯತ್ಯಾಸ ಆಗುತ್ತಿದ್ದರೆ, ಕಾರಣ ಈ ಪಟ್ಟಿಯೊಳಗೇ ಇರಬೇಕು. ಬೇರೆ ಕಡೆ ಹುಡುಕಬೇಕಿಲ್ಲ.

ತೆರಿಗೆಯ ಲೆಕ್ಕವನ್ನು ಅವರೇ 1963ರಲ್ಲಿ ತಿದ್ದಿ ಬರೆದರು. ಮಾಲೀಕನಿಗೂ ಮ್ಯಾನೇಜರಿಗೂ ಹಿತಾಸಕ್ತಿ ಬೇರೆ ಬೇರೆ ಆದರೆ ಏನಾಗುತ್ತದೆ ಅಂತ ಜೆನ್ಸನ್ ಮತ್ತು ಮೆಕ್ಲಿಂಗ್ 1976ರಲ್ಲಿ ಕೇಳಿದರು. ಒಳಗಿನವರಿಗೆ ಜಾಸ್ತಿ ಗೊತ್ತಿದ್ದರೆ ಶೇರು ಮಾರುವುದೇ ಕೆಟ್ಟ ಸುದ್ದಿ ಅನ್ನಿಸಿಕೊಳ್ಳುತ್ತದೆ ಅಂತ ಮೈಯರ್ಸ್ ಮತ್ತು ಮಜ್ಲುಫ್ 1984ರಲ್ಲಿ ತೋರಿಸಿದರು. ನಮ್ಮ ದೇಶದ 2016ರ ದಿವಾಳಿ ಸಂಹಿತೆಯನ್ನೂ ಇದೇ ಕಣ್ಣಿಂದ ಓದಬಹುದು. ದಿವಾಳಿಯ ಖರ್ಚು ಕಮ್ಮಿಯಾದರೆ ಸಾಲದ ಆಯ್ಕೆ ಹೇಗೆ ಬದಲಾಗುತ್ತದೆ? ಕಾರ್ಪೊರೇಟ್ ಫೈನಾನ್ಸ್‌ನ ಬಹುಪಾಲು ಸಂಶೋಧನೆ ಆ 1958ರ ಷರತ್ತುಗಳನ್ನು ಒಂದೊಂದಾಗಿ ಕಿತ್ತು ನೋಡಿದ ಕೆಲಸ.

ಹುಬ್ಬಳ್ಳಿ ಆಡಿಟರ್

ಇಪ್ಪತ್ತು ವರ್ಷದ ಹಿಂದೆ ಯಾರೂ ಹೀಗೆ ಹೇಳಿಕೊಡಲಿಲ್ಲ. ಪಟ್ಟಿ ಬರೆದುಕೊಂಡೆ.

ಕಾಗದ ಪೆನ್ಸಿಲ್

ಬೆಂಗಳೂರಿನಲ್ಲಿ ಆಪ್ಷನ್ ಮಾಡೆಲ್‌ಗಳ ಪರಿಶೀಲನೆ ಮಾಡುವ ಕೆಲಸ ನನ್ನದು. ತೊಗರಿಹೊಲ, ನಿಮ್ಮ ಹೆಸರಿನಲ್ಲೇ ಒಂದು ಉದಾಹರಣೆ ಇದೆ. ಪೆನ್ನು ಹಿಡಿದು ಕೂತುಕೊಳ್ಳಿ.

2024-25ರ ಹಂಗಾಮಿಗೆ ತೊಗರಿಯ ಕೇಂದ್ರ ಬೆಂಬಲ ಬೆಲೆ ಕ್ವಿಂಟಲ್‌ಗೆ 7,550 ರೂಪಾಯಿ ಇತ್ತು. ರಾಜ್ಯ ಮೇಲೆ ಕೊಟ್ಟ 450 ಸದ್ಯಕ್ಕೆ ಬೇಡ. ಬೆಂಬಲ ಬೆಲೆ ಅಂದರೆ ಏನು? ಮಾರುಕಟ್ಟೆ ಬಿದ್ದರೂ 7,550ಕ್ಕೆ ಮಾರುವ ಹಕ್ಕು. ಮಾರುಕಟ್ಟೆ ಮೇಲಿದ್ದರೆ ಅಲ್ಲೇ ಮಾರಬಹುದು, ಯಾರೂ ತಡೆಯುವುದಿಲ್ಲ. ಹಕ್ಕು ಇದೆ, ಬಾಧ್ಯತೆ ಇಲ್ಲ. ಇದನ್ನೇ ಪುಟ್ ಆಪ್ಷನ್ ಅನ್ನುವುದು. ನಿಮ್ಮ ಅಪ್ಪನ ಕೈಯಲ್ಲಿ ಪ್ರತಿ ವರ್ಷ ಒಂದು ಪುಟ್ ಇರುತ್ತದೆ. ಅದರ ಬೆಲೆ ಎಷ್ಟು?

ಲೆಕ್ಕಕ್ಕೆ ಅಂತ ಇಟ್ಟುಕೊಳ್ಳಿ: ಇವತ್ತಿನ ಬೆಲೆ 7,500. ಸುಗ್ಗಿಯ ಹೊತ್ತಿಗೆ ಎರಡೇ ಸಾಧ್ಯತೆ, 9,000 ಅಥವಾ 6,000. ಬಡ್ಡಿ ಸೊನ್ನೆ. 9,000 ಆದರೆ ಪುಟ್‌ನಿಂದ ಏನೂ ಸಿಗುವುದಿಲ್ಲ. 6,000 ಆದರೆ 1,550 ಸಿಗುತ್ತದೆ.

ಈಗ ನಾನು ಬೇರೆ ದಾರಿಯಲ್ಲಿ ಇದೇ ಫಲ ತಯಾರಿಸುತ್ತೇನೆ. ಸುಮಾರು 51.67 ಕೆಜಿ ತೊಗರಿಯನ್ನು ಎರವಲು ತಂದು ಇವತ್ತೇ ಮಾರುತ್ತೇನೆ. 3,875 ರೂಪಾಯಿ ಬಂತು. ನನ್ನ ಜೇಬಿಂದ 775 ಸೇರಿಸಿ 4,650 ಪೆಟ್ಟಿಗೆಯಲ್ಲಿಡುತ್ತೇನೆ. ಸುಗ್ಗಿಯಲ್ಲಿ ಬೆಲೆ 9,000 ಆದರೆ ಎರವಲು ತೀರಿಸಲು 4,650 ಬೇಕು, ಪೆಟ್ಟಿಗೆ ಖಾಲಿ. 6,000 ಆದರೆ 3,100 ಸಾಕು, ಪೆಟ್ಟಿಗೆಯಲ್ಲಿ 1,550 ಉಳಿಯಿತು. ಪುಟ್ ಕೊಡುವುದೂ ಇಷ್ಟೇ. ಹಾಗಾಗಿ ಪುಟ್‌ನ ಬೆಲೆ 775. ಅದಕ್ಕಿಂತ ಒಂದು ರೂಪಾಯಿ ಹೆಚ್ಚು ಕಮ್ಮಿ ಇದ್ದರೂ ಯಾರಿಗೋ ಪುಕ್ಕಟೆ ಲಾಭ.

ಈಗ ಗಮನಿಸಿ. ಬೆಲೆ ಬೀಳುವ ಸಂಭವ ಎಷ್ಟು ಅಂತ ನಾನು ಎಲ್ಲೂ ಕೇಳಲಿಲ್ಲ. ನಿಮ್ಮ ಅಪ್ಪ ಎಷ್ಟು ಹೆದರುತ್ತಾರೆ ಅಂತಲೂ ಕೇಳಲಿಲ್ಲ. ಮೇಷ್ಟ್ರು ಹೇಳಿದ ಎರಡನೇ ಬಾಗಿಲು ಇದೇ. ಕಾಕ್ಸ್, ರಾಸ್, ರೂಬಿನ್‌ಸ್ಟೈನ್ 1979ರಲ್ಲಿ ಹೀಗೆ ಹೆಜ್ಜೆ ಹೆಜ್ಜೆಯಾಗಿ ಬಿಡಿಸಿ ತೋರಿಸಿದರು. ಹೆಜ್ಜೆಗಳನ್ನು ಚಿಕ್ಕದು ಮಾಡುತ್ತಾ ಹೋದರೆ ಬ್ಲ್ಯಾಕ್–ಶೋಲ್ಸ್ ಸೂತ್ರ ಬರುತ್ತದೆ.

ತೊಗರಿಹೊಲ

ಮೂರು ಸಲ ಬರೆದು ನೋಡಿದೆ. 775 ಬಂತು! ರಿಸ್ಕ್-ನ್ಯೂಟ್ರಲ್ ಪ್ರಾಬಬಿಲಿಟಿ ಅಂತ ನೋಟ್ಸ್‌ನಲ್ಲಿ ಇದ್ದದ್ದನ್ನೂ, ಅಂದರೆ (ಬಡ್ಡಿ ಸೊನ್ನೆ ಇದ್ದಾಗ) ಮುಂದಿನ ಬೆಲೆಗಳ ಸರಾಸರಿ ಇವತ್ತಿನ ಬೆಲೆಗೆ ಸಮ ಆಗುವಂಥ ತೂಕಗಳನ್ನೂ, ಹಾಕಿ ನೋಡಿದೆ. ಇಲ್ಲಿ ಅದು ಅರ್ಧ ಅರ್ಧ. 1,550ರ ಅರ್ಧ 775. ಎರಡೂ ದಾರಿಯಲ್ಲಿ ಒಂದೇ ಉತ್ತರ. ಇಷ್ಟು ದಿನ ಅದು ಬೆಲೆ ಬೀಳುವ ನಿಜವಾದ ಸಂಭವ ಅಂತಲೇ ಅಂದುಕೊಂಡಿದ್ದೆ.

ಎರಡನೇ ವರ್ಷ

ಎಲ್ಲರೂ ಮೊದಲು ಎಡವುವುದು ಅಲ್ಲೇ. ಅದು ಸಂಭವವಲ್ಲ, ಸಂಭವದ ವೇಷದಲ್ಲಿರುವ ಬೆಲೆ. ನಮ್ಮ ತರಗತಿಯಲ್ಲಿ ಅರ್ಧ ಜನ ಫೈನಲ್ ಪರೀಕ್ಷೆಯವರೆಗೂ ಇದನ್ನು ಬಿಡಿಸಿಕೊಳ್ಳಲಿಲ್ಲ.

ಹುಬ್ಬಳ್ಳಿ ಆಡಿಟರ್

ಕಾಗದ ಪೆನ್ಸಿಲ್ ಅವರೇ, ಲೆಕ್ಕ ಚೆನ್ನಾಗಿದೆ. ಆದರೆ ನಮ್ಮ ಮಾವನ ಮನೆಯೂ ತೊಗರಿ ಬೆಳೆಯುವ ಕಡೆಯೇ. ಖರೀದಿ ಕೇಂದ್ರ ತಡವಾಗಿ ತೆರೆಯುತ್ತದೆ. ಎಕರೆಗೆ ಇಷ್ಟೇ ಅಂತ ಮಿತಿ ಇದೆ. ಹೆಸರು ನೋಂದಾಯಿಸಲು ಸರದಿ, ದುಡ್ಡು ಬರಲು ಇನ್ನೊಂದು ಸರದಿ. ಅಷ್ಟರಲ್ಲಿ ಸಾಲಗಾರ ಬಾಗಿಲಿಗೆ ಬಂದಿರುತ್ತಾನೆ. ಕಾಗದದ ಮೇಲಿರುವ ಹಕ್ಕು ಎಷ್ಟೋ ಸಲ ಕೈಗೆ ಸಿಗುವುದಿಲ್ಲ.

ಇನ್ನೊಂದು. 51.67 ಕೆಜಿ ತೊಗರಿ ಎರವಲು ತಂದು ಮಾರುತ್ತೇನೆ ಅಂದಿರಲ್ಲ, ಕಲಬುರಗಿ ಎಪಿಎಂಸಿಯಲ್ಲಿ ಯಾರು ಎರವಲು ಕೊಡುತ್ತಾರೆ? ತೊಗರಿ, ಉದ್ದಿನ ಫ್ಯೂಚರ್ಸ್ (ಮುಂದಿನ ದಿನಾಂಕಕ್ಕೆ ಇವತ್ತೇ ಬೆಲೆ ನಿಗದಿ ಮಾಡುವ) ವ್ಯಾಪಾರವನ್ನು 2007ರ ಜನವರಿಯಲ್ಲೇ ನಿಲ್ಲಿಸಿದ್ದಾರೆ.

ಕಾಗದ ಪೆನ್ಸಿಲ್

ಎರಡೂ ಮಾತು ಪೂರ್ತಿ ಸರಿ. ಈಗ ನೀವೇ ಎರಡು ಷರತ್ತು ಕಿತ್ತಿರಿ. ಒಂದು, ಹಕ್ಕು ಖಚಿತವಾಗಿ ಈಡೇರುತ್ತದೆ ಅನ್ನುವುದು. ಇನ್ನೊಂದು, ಬೇಕಾದಷ್ಟು ಕೊಂಡು ಮಾರಬಹುದು ಅನ್ನುವುದು. ಎರಡನೆಯದು ಹೋದರೆ ನನ್ನ 775 ನಿಲ್ಲುವುದಿಲ್ಲ. ಇದ್ದ ದಾಸ್ತಾನಿನಿಂದ 51.67 ಕೆಜಿ ಇವತ್ತೇ ಮಾರಬಲ್ಲ ರೈತನಿಗೆ ಸ್ವಲ್ಪ ಮಟ್ಟಿಗೆ ನಡೆಯುತ್ತದೆ. ಆದರೆ ಹೊಲದಲ್ಲಿ ಬೆಳೆ ನಿಂತಿರುವಾಗ ಅವನ ಬಳಿ ದಾಸ್ತಾನು ಎಲ್ಲಿರುತ್ತದೆ?

ತೊಗರಿಹೊಲ, ನಿಮಗೆ ಮನೆಕೆಲಸ: ಎರಡರ ಬದಲು ಮೂರು ಸಾಧ್ಯತೆ ಇಡಿ. 9,000, 7,500, 6,000. ಉಳಿದದ್ದೆಲ್ಲ ಹಾಗೇ. ಎಪಿಎಂಸಿಯಲ್ಲಿ ಎರವಲು ಸಿಗುತ್ತದೆ ಅಂತಲೇ ಇಟ್ಟುಕೊಳ್ಳಿ. ಪುಟ್‌ನ ಬೆಲೆ ಎಷ್ಟು?

ಹೊಸಬ

ಮಧ್ಯೆ ಬರ್ತಿದ್ದೇನೆ, ಕ್ಷಮಿಸಿ. ಇದನ್ನೆಲ್ಲ ಓದಿದರೆ ನಿಫ್ಟಿ ಆಪ್ಷನ್‌ನಲ್ಲಿ ದುಡ್ಡು ಮಾಡಬಹುದಾ? ಆ ಆಸೆಯಿಂದಲೇ ಮಾಸ್ಟರ್ಸ್ ಮಾಡಬೇಕು ಅಂತಿದ್ದೇನೆ.

ಕಾಗದ ಪೆನ್ಸಿಲ್

ಆ ಆಸೆಗೆ ಅಂತ ಎರಡು ವರ್ಷ, ಲಕ್ಷಗಟ್ಟಲೆ ಫೀಸು ಹಾಕಬೇಡಿ. ಶೇರುಪೇಟೆಯ ನಿಯಂತ್ರಕ ಸೆಬಿ 2024ರ ಸೆಪ್ಟೆಂಬರ್‌ನಲ್ಲಿ ಹೊರತಂದ ಅಧ್ಯಯನದ ಪ್ರಕಾರ, ಹಿಂದಿನ ಮೂರು ಹಣಕಾಸು ವರ್ಷಗಳಲ್ಲಿ ಫ್ಯೂಚರ್ಸ್ ಮತ್ತು ಆಪ್ಷನ್ಸ್‌ನಲ್ಲಿ ಆಡಿದ ಒಂದು ಕೋಟಿಗೂ ಹೆಚ್ಚು ಜನರಲ್ಲಿ ಶೇ. 93 ಮಂದಿ ಕಳೆದುಕೊಂಡಿದ್ದಾರೆ. ಒಟ್ಟು ನಷ್ಟ 1.8 ಲಕ್ಷ ಕೋಟಿ ರೂಪಾಯಿಗೂ ಜಾಸ್ತಿ. ಥಿಯರಿ ಗೊತ್ತಿದ್ದರೆ ಆಡಬಾರದ್ದು ಯಾವುದು ಅಂತ ಗೊತ್ತಾಗುತ್ತದೆ.

ಥಿಯರಿ ಬರೆದವರೇ ಎಡವಿದ್ದಾರೆ. ಮರ್ಟನ್ ಮತ್ತು ಶೋಲ್ಸ್‌ಗೆ ನೊಬೆಲ್ ಬಂದದ್ದು 1997ರಲ್ಲಿ. ಅವರಿಬ್ಬರೂ ಪಾಲುದಾರರಾಗಿದ್ದ ಲಾಂಗ್ ಟರ್ಮ್ ಕ್ಯಾಪಿಟಲ್ ಮ್ಯಾನೇಜ್‌ಮೆಂಟ್ ಅನ್ನುವ ಹೂಡಿಕೆ ನಿಧಿ ಮರುವರ್ಷವೇ ಮುಳುಗಿತು. 14 ಬ್ಯಾಂಕು, ಹಣಕಾಸು ಸಂಸ್ಥೆಗಳು ಸೇರಿ ಸುಮಾರು 360 ಕೋಟಿ ಡಾಲರ್ ಹಾಕಿ ಎತ್ತಬೇಕಾಯಿತು. ಎರಡು ಬೆಲೆಗಳು ಕೊನೆಗೆ ಒಂದಾಗುತ್ತವೆ ಅನ್ನುವ ಲೆಕ್ಕ ಅವರದ್ದು. ಅಲ್ಲಿಯವರೆಗೆ ಸಾಲ ಕೊಟ್ಟವರು ಕಾಯಬೇಕಲ್ಲ. ಅದೂ ಒಂದು ಷರತ್ತೇ.

ರೈನ್ ದಂಡೆ

ಜರ್ಮನಿಯ ಮಾನ್‌ಹೈಮ್‌ನಿಂದ. ಇಲ್ಲಿ ಮಾಸ್ಟರ್ಸ್ ಮುಗಿಸಿ ಈಗ ಪಿಎಚ್.ಡಿ. ಮಾಡುತ್ತಿದ್ದೇನೆ, ಮೂಲತಃ ದಾವಣಗೆರೆ. ಪೋರ್ಟ್‌ಫೋಲಿಯೋ ಭಾಗದ ಬಗ್ಗೆ ಯಾರೂ ಮಾತಾಡಿಲ್ಲ, ಅದನ್ನು ಹೇಳುತ್ತೇನೆ.

ಸಿಎಪಿಎಂನ (ಮೇಷ್ಟ್ರು ಹೇಳಿದ ಶಾರ್ಪ್‌ರ ಮಾದರಿ, ರಿಸ್ಕ್‌ಗೆ ಎಷ್ಟು ಪ್ರತಿಫಲ ಅಂತ ಹೇಳುತ್ತದೆ) ಸೂತ್ರ ನೋಡಿದಾಗ ಬೀಟಾ (ಮಾರುಕಟ್ಟೆಯ ಜೊತೆ ಶೇರು ಎಷ್ಟು ಕುಣಿಯುತ್ತದೆ) ಯಾಕೆ, ವೇರಿಯನ್ಸ್ (ಶೇರಿನ ಸ್ವಂತ ಏರಿಳಿತದ ಅಳತೆ) ಯಾಕಲ್ಲ ಅಂತ ನನಗೆ ಒಂದು ವರ್ಷ ಒಳಗೆ ಇಳಿದಿರಲಿಲ್ಲ. ಒಂದು ಸಂಜೆ ಸುಮ್ನೆ ಎಣಿಸಿದೆ. 100 ಶೇರು ಸಮನಾಗಿ ಇಟ್ಟುಕೊಂಡರೆ ಒಟ್ಟು ರಿಸ್ಕ್‌ನ ಲೆಕ್ಕದಲ್ಲಿ 100 ವೇರಿಯನ್ಸ್ ಇರುತ್ತವೆ, 9,900 ಕೋವೇರಿಯನ್ಸ್ (ಎರಡೆರಡು ಶೇರು ಜೊತೆಯಾಗಿ ಏರಿಳಿಯುವ ಅಳತೆ) ಇರುತ್ತವೆ. 100 ಎಲ್ಲಿ, 9,900 ಎಲ್ಲಿ! ಒಂದು ಶೇರು ತಾನೊಬ್ಬನೇ ಎಷ್ಟು ಕುಣಿಯುತ್ತದೆ ಅನ್ನುವುದು ಈ ಸಂತೆಯಲ್ಲಿ ಕೇಳಿಸುವುದೇ ಇಲ್ಲ. ಉಳಿದವರ ಜೊತೆ ಸೇರಿ ಕುಣಿಯುತ್ತದಾ ಅನ್ನುವುದಷ್ಟೇ ಲೆಕ್ಕಕ್ಕೆ ಬರುತ್ತದೆ.

ಅಂಕಿ ಹಾಕಿ ನೋಡಿ. ಪ್ರತಿ ಶೇರಿನ ಏರಿಳಿತ ಶೇ. 20, ಪರಸ್ಪರ ಕೋರಿಲೇಶನ್ 0.3. ನೂರು ಶೇರಿಗೆ ಒಟ್ಟು ಏರಿಳಿತ ಸುಮಾರು ಶೇ. 11ಕ್ಕೆ ಇಳಿಯುತ್ತದೆ. ಹತ್ತು ಸಾವಿರ ಶೇರು ಸೇರಿಸಿದರೂ 10.95ರ ಹತ್ತಿರ ನಿಂತುಬಿಡುತ್ತದೆ. ಹಂಚಿಕೊಂಡು ಕಳೆದುಕೊಳ್ಳಬಹುದಾದ ರಿಸ್ಕ್‌ಗೆ ಯಾರೂ ಪ್ರತಿಫಲ ಕೊಡುವುದಿಲ್ಲ. ಉಳಿದುಹೋದದ್ದಕ್ಕೆ ಮಾತ್ರ ಕೊಡುತ್ತಾರೆ.

ಇದನ್ನೂ ಹಾಗೇ ನಂಬಬೇಡಿ. 1977ರಲ್ಲಿ ರಿಚರ್ಡ್ ರೋಲ್ ಕೇಳಿದರು: ಸಿಎಪಿಎಂ ಹೇಳುವ "ಮಾರುಕಟ್ಟೆ" ಅಂದರೆ ಶೇರು, ಭೂಮಿ, ಮನೆ, ಮನುಷ್ಯರ ದುಡಿಮೆ ಎಲ್ಲವೂ. ಅದನ್ನು ಅಳೆಯಲು ಆಗದಿದ್ದರೆ ಈ ಸಿದ್ಧಾಂತವನ್ನು ಪರೀಕ್ಷಿಸುವುದು ಹೇಗೆ? ಊರಲ್ಲಿ ಐದು ಎಕರೆ ಹೊಲ ಇಟ್ಟುಕೊಂಡು ಸೆನ್ಸೆಕ್ಸ್ ಮೇಲೆ ಬೀಟಾ ಲೆಕ್ಕ ಹಾಕುವವರೆಲ್ಲ ಈ ಪ್ರಶ್ನೆ ಕೇಳಿಕೊಳ್ಳಬೇಕು.

ಎರಡನೇ ವರ್ಷ

ಸ್ಟೊಕಾಸ್ಟಿಕ್ ಕ್ಯಾಲ್ಕುಲಸ್ (ಯಾದೃಚ್ಛಿಕವಾಗಿ ಬದಲಾಗುವುದರ ಕ್ಯಾಲ್ಕುಲಸ್) ಬಗ್ಗೆ ಒಂದು ಪ್ರಶ್ನೆ ನನ್ನದೂ ಇದೆ. ಈ ಸೆಮಿಸ್ಟರ್ ಅದರ ಮುಖ್ಯ ಸೂತ್ರ ಇಟೋ ಲೆಮ್ಮಾ ಬಂದಿದೆ. ಮಾಮೂಲಿ ಕ್ಯಾಲ್ಕುಲಸ್‌ನಲ್ಲಿ ಚಿಕ್ಕದರ ವರ್ಗವನ್ನು ಬಿಟ್ಟುಬಿಡುತ್ತೇವೆ. ಇಲ್ಲಿ ಮಾತ್ರ ಬಿಡಬಾರದು ಅಂತಾರೆ. ಯಾಕೆ?

ಕಾಗದ ಪೆನ್ಸಿಲ್

ನಾಣ್ಯ ಚಿಮ್ಮಿ. ಹೆಡ್ ಬಿದ್ದರೆ ಒಂದು ಹೆಜ್ಜೆ ಮುಂದೆ, ಟೇಲ್ ಬಿದ್ದರೆ ಒಂದು ಹೆಜ್ಜೆ ಹಿಂದೆ. 100 ಸಲ ಆದ ಮೇಲೆ ಎಲ್ಲಿ ನಿಂತಿರುತ್ತೀರಿ ಅಂತ ಯಾರಿಗೂ ಹೇಳಲು ಆಗುವುದಿಲ್ಲ. ಆದರೆ ಪ್ರತಿ ಹೆಜ್ಜೆಯನ್ನು ವರ್ಗ ಮಾಡಿ ಕೂಡಿಸಿ. ಮುಂದಿಟ್ಟದ್ದರ ವರ್ಗ 1, ಹಿಂದಿಟ್ಟದ್ದರ ವರ್ಗವೂ 1. ಮೊತ್ತ 100. ಯಾವ ದಾರಿಯಲ್ಲಿ ಹೋದರೂ 100. ಅಂದರೆ ವರ್ಗಗಳ ಮೊತ್ತ ಕಳೆದ ಕಾಲದಷ್ಟೇ, ಅದರಲ್ಲಿ ಅನಿಶ್ಚಿತತೆ ಇಲ್ಲ. ಸೊನ್ನೆಗೆ ಇಳಿಯದ ವಸ್ತುವನ್ನು ಬಿಡುವುದು ಹೇಗೆ? ನುಣುಪಾದ ಗೆರೆಯಲ್ಲಾದರೆ ಆ ಮೊತ್ತ ಸೊನ್ನೆಗೆ ಇಳಿಯುತ್ತದೆ, ಬಿಡಬಹುದು. ಇಟೋ 1940ರ ದಶಕದಲ್ಲಿ ಇದಕ್ಕೊಂದು ಪೂರ್ತಿ ಕ್ಯಾಲ್ಕುಲಸ್ ಕಟ್ಟಿದರು.

ಪ್ಯಾರಿಸ್‌ನ ಲೂಯಿ ಬಶೆಲಿಯೆ 1900ರಲ್ಲೇ ತಮ್ಮ ಪ್ರಬಂಧದಲ್ಲಿ ಶೇರುಪೇಟೆಯ ಬೆಲೆಗೆ ಈ ಚಲನೆಯ ಗಣಿತ ಬಳಸಿದ್ದರು. ಐನ್‌ಸ್ಟೈನ್‌ರ ಬ್ರೌನಿಯನ್ ಚಲನೆಯ (ದ್ರವದಲ್ಲಿ ಕಣಗಳ ಅಡ್ಡಾದಿಡ್ಡಿ ಓಡಾಟ) ಲೇಖನ ಬಂದದ್ದು ಅದಾಗಿ ಐದು ವರ್ಷಕ್ಕೆ. ನನಗೆ ಇದನ್ನು ಓದಿದ ದಿನ ಮೈ ಜುಮ್ ಅಂದಿತ್ತು.

ಎರಡನೇ ವರ್ಷ

ಸಿಕ್ಕಿತು. ಧನ್ಯವಾದ. ನಾಳೆ ತರಗತಿಯಲ್ಲಿ ಇದನ್ನೇ ಹೇಳುತ್ತೇನೆ.

ಹೊಸಬ

ಆಪ್ಷನ್ ಆಸೆ ಬಿಟ್ಟೆ. ಆದರೆ ಈ ಚರ್ಚೆ ಓದಿ ಬೇರೆ ಆಸೆ ಹುಟ್ಟಿದೆ. ಇದನ್ನು ಗಟ್ಟಿಯಾಗಿ ಎಲ್ಲಿ ಕಲಿಸುತ್ತಾರೆ?

ರೈನ್ ದಂಡೆ

ಚೆನ್ನೈನ ಮದ್ರಾಸ್ ಸ್ಕೂಲ್ ಆಫ್ ಎಕನಾಮಿಕ್ಸ್‌ನಲ್ಲಿ ಫೈನಾನ್ಷಿಯಲ್ ಎಕನಾಮಿಕ್ಸ್ ಮಾಸ್ಟರ್ಸ್ ಇದೆ. ಮುಂಬೈನ ಇಂದಿರಾ ಗಾಂಧಿ ಅಭಿವೃದ್ಧಿ ಸಂಶೋಧನಾ ಸಂಸ್ಥೆ, ದೆಹಲಿ ಸ್ಕೂಲ್ ಆಫ್ ಎಕನಾಮಿಕ್ಸ್, ಭಾರತೀಯ ಸಾಂಖ್ಯಿಕ ಸಂಸ್ಥೆ, ಈ ಮೂರರಲ್ಲಿ ಅರ್ಥಶಾಸ್ತ್ರದ ಬುನಾದಿ ಗಟ್ಟಿ. ಜರ್ಮನಿಯ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಸಾಮಾನ್ಯವಾಗಿ ಬೋಧನಾ ಶುಲ್ಕ ಇಲ್ಲ. ಆದರೆ ನಾನಿರುವ ಬಾಡೆನ್-ವ್ಯೂರ್ಟೆಂಬರ್ಗ್ ರಾಜ್ಯದಲ್ಲಿ ಐರೋಪ್ಯ ಒಕ್ಕೂಟದ ಹೊರಗಿನವರಿಗೆ ಸೆಮಿಸ್ಟರ್‌ಗೆ 1,500 ಯೂರೋ.

ಎಲ್ಲಿಗೆ ಹೋಗುವ ಮುಂಚೆಯೂ ಒಂದು ಕೆಲಸ ಮಾಡಿ. ಆ ಕೋರ್ಸಿನ ಮೊದಲ ಸೆಮಿಸ್ಟರ್‌ನ ಹಳೇ ಪ್ರಶ್ನೆಪತ್ರಿಕೆ ಹುಡುಕಿ. "ವಿವರಿಸಿ", "ಪಟ್ಟಿ ಮಾಡಿ" ಅಂತ ಇದ್ದರೆ ಒಂದು ಥರದ ಕೋರ್ಸು. "ಸಾಬೀತು ಮಾಡಿ", "ಈ ಷರತ್ತು ಇಲ್ಲದಿದ್ದರೆ?" ಅಂತ ಇದ್ದರೆ ಇನ್ನೊಂದು ಥರದ್ದು. ಹೆಸರು ಎರಡಕ್ಕೂ ಒಂದೇ ಇರುತ್ತದೆ.

ಮಲೆನಾಡ ಮೇಷ್ಟ್ರು

ಮಾರುಕಟ್ಟೆಯ ಬೆಲೆಯಲ್ಲಿ ಎಲ್ಲ ಮಾಹಿತಿಯೂ ಅಡಗಿರುತ್ತದೆ ಅನ್ನುವ ಮಾತನ್ನೂ ಇದೇ ರೀತಿ ಓದಿ. 1970ರಲ್ಲಿ ಫಾಮಾ ಅದನ್ನು ಒಂದು ಕಡೆ ತಂದರು. 1980ರಲ್ಲಿ ಗ್ರಾಸ್‌ಮನ್ ಮತ್ತು ಸ್ಟಿಗ್ಲಿಟ್ಜ್ ಕೇಳಿದರು: ಎಲ್ಲವೂ ಬೆಲೆಯಲ್ಲೇ ಇದ್ದರೆ, ದುಡ್ಡು ಖರ್ಚು ಮಾಡಿ ಮಾಹಿತಿ ಯಾರು ಹುಡುಕುತ್ತಾರೆ? ಯಾರೂ ಹುಡುಕದಿದ್ದರೆ ಅದು ಬೆಲೆಯೊಳಗೆ ಬರುವುದಾದರೂ ಹೇಗೆ? ಪೆನ್ನು ಕೆಳಗಿಟ್ಟು ಒಂದು ಗಂಟೆ ಯೋಚಿಸಬೇಕಾದ ಪ್ರಶ್ನೆ ಅದು.

ತೊಗರಿಹೊಲ (ಮೂರು ವಾರದ ನಂತರ)

ಮನೆಕೆಲಸ ಮಾಡಿದೆ. ತಡವಾಯಿತು, ಕ್ಷಮಿಸಿ.

ಮೊದಲು ತೊಗರಿ ಮತ್ತು ನಗದು ಸೇರಿಸಿ ಪುಟ್ ತಯಾರಿಸಲು ನೋಡಿದೆ. ಆಗಲೇ ಇಲ್ಲ. ಸಾಧ್ಯತೆ ಮೂರು, ಕೈಯಲ್ಲಿರುವ ವಸ್ತು ಎರಡು. ಎರಡು ದಿನ ತಪ್ಪು ನನ್ನದೇ ಅಂದುಕೊಂಡು ಕೂಡಿಸಿ ಕಳೆದು ಮಾಡಿದೆ. ಆಮೇಲೆ ಗೊತ್ತಾಯಿತು, ಆಗದಿರುವುದೇ ಉತ್ತರ.

ಹಾಗಾಗಿ ರಿಸ್ಕ್-ನ್ಯೂಟ್ರಲ್ ಪ್ರಾಬಬಿಲಿಟಿ ಹಾಕಿದೆ. ಇವತ್ತಿನ ಬೆಲೆ 7,500 ಆಗಬೇಕಾದರೆ 9,000ಕ್ಕೂ 6,000ಕ್ಕೂ ತೂಕ ಸಮ ಇರಬೇಕು. ಆ ತೂಕ ಸೊನ್ನೆಯಿಂದ ಅರ್ಧದವರೆಗೆ ಎಷ್ಟು ಬೇಕಾದರೂ ಇರಬಹುದು. 7,500 ಆದರೆ ಪುಟ್‌ನಿಂದ 50 ಸಿಗುತ್ತದೆ, 6,000 ಆದರೆ 1,550. ಕೂಡಿಸಿದರೆ ಪುಟ್‌ನ ಬೆಲೆ ಅಂದರೆ 50ರ ಮೇಲೆ ಆ ತೂಕದ 1,450 ಪಟ್ಟು. ಅಂದರೆ 50ಕ್ಕೂ 775ಕ್ಕೂ ನಡುವೆ ಎಲ್ಲಿ ಬೇಕಾದರೂ. ಒಂದು ಬೆಲೆ ಇಲ್ಲ, ಒಂದು ವ್ಯಾಪ್ತಿ ಇದೆ. ಇನ್‌ಕಂಪ್ಲೀಟ್ ಮಾರ್ಕೆಟ್ ಅನ್ನುವ ಪದವನ್ನು ಹತ್ತು ಸಲ ಬರೆದಿದ್ದೆ, ಅರ್ಥ ಮೊದಲ ಸಲ ಆಯಿತು.

ಹಾಗಾದರೆ ಆ ವ್ಯಾಪ್ತಿಯೊಳಗೆ ಎಲ್ಲಿ ನಿಲ್ಲುತ್ತದೆ ಅಂತ ಯಾರು ಹೇಳಬೇಕು? ಎರಡನೇ ಬಾಗಿಲು ಇಲ್ಲಿಗೆ ಮುಗಿಯಿತು ಅನ್ನಿಸಿ ಮೊದಲನೆಯದಕ್ಕೆ ವಾಪಸ್ ಹೋದೆ. ದಸರಾ ರಜೆಯಲ್ಲಿ ಊರಿಗೆ ಹೋಗಿದ್ದಾಗ ಅಪ್ಪನಿಗೇ ಕೇಳಿದೆ. "ಸುಗ್ಗಿ ದಿನವೇ, ಸರದಿ ಇಲ್ಲದೆ, ಮನೆ ಮುಂದೆ ಬಂದು 7,550ಕ್ಕೆ ಖಂಡಿತ ಕೊಳ್ಳುತ್ತಾರೆ ಅಂತಾದರೆ, ಆ ಭರವಸೆಗೆ ಕ್ವಿಂಟಲ್‌ಗೆ ಎಷ್ಟು ಕೊಡ್ತೀಯಪ್ಪ?" ಕಟ್ಟೆ ಮೇಲೆ ಕೂತು ಸುಮಾರು ಹೊತ್ತು ಯೋಚಿಸಿದರು. ಮುನ್ನೂರು ಅಂದರು.

300 ಅಂದರೆ ತೂಕ 0.17. ಆಮೇಲೆ ಕೇಳಿದೆ, ಅಷ್ಟು ಕೆಳಗೆ ಬೀಳುವುದು ಎಷ್ಟು ವರ್ಷಕ್ಕೊಮ್ಮೆ? ಹತ್ತು ವರ್ಷಕ್ಕೊಮ್ಮೆ ಅಂದರು. ಅಂದರೆ 0.10. ಬೆಲೆಯಲ್ಲಿ 0.17, ಮನಸ್ಸಿನಲ್ಲಿ 0.10. ಯಾಕೆ ಅಂತ ನಾನು ಕೇಳಲಿಲ್ಲ, ಅವರೇ ಹೇಳಿದರು: "ಆ ವರ್ಷ ಬಂದ್ರೆ ನಿನ್ನ ಫೀಸು ಹೆಂಗ ಕಟ್ಟೋದು?"

ನೋಟ್ಸ್‌ನಲ್ಲಿ ಮಾರ್ಜಿನಲ್ ಯುಟಿಲಿಟಿ (ಇನ್ನೊಂದು ರೂಪಾಯಿಯಿಂದ ಸಿಗುವ ಹೆಚ್ಚಿನ ತೃಪ್ತಿ) ಅಂತ ಇದ್ದದ್ದು ಇದೇನಾ?

ಮಲೆನಾಡ ಮೇಷ್ಟ್ರು

ಇದೇ. 0.17ನ್ನು 0.10ರಿಂದ ಭಾಗಿಸಿ, 1.7 ಬಂತು. ನಿಮ್ಮ ಮುಂದಿನ ಪೇಪರ್‌ನಲ್ಲಿ ಸ್ಟೊಕಾಸ್ಟಿಕ್ ಡಿಸ್ಕೌಂಟ್ ಫ್ಯಾಕ್ಟರ್ ಅಂತ ಬರುತ್ತದೆ. ಕೆಟ್ಟ ವರ್ಷದ ಒಂದು ರೂಪಾಯಿ ನಿಮ್ಮ ಅಪ್ಪನಿಗೆ ಎಷ್ಟು ಭಾರ ಅನ್ನುವುದರ ಅಳತೆ ಅದು. ಬಡ್ಡಿ ಸೊನ್ನೆ ಇಟ್ಟದ್ದರಿಂದ ನೇರವಾಗಿ ಸಿಕ್ಕಿತು. ಎರಡು ಬಾಗಿಲೂ ತೆರೆದುಕೊಳ್ಳುವ ನಡುಮನೆ ಇದು.

ಆ ಅಳತೆ ಮುಂದೆ ಎಷ್ಟು ತೊಂದರೆ ಕೊಡುತ್ತದೆ ಅಂತಲೂ ತಿಳಿದಿರಲಿ. ರಾಜನೀಶ್ ಮೆಹ್ರಾ ಮತ್ತು ಎಡ್ವರ್ಡ್ ಪ್ರೆಸ್ಕಾಟ್ 1985ರಲ್ಲಿ ಅಮೆರಿಕದ 1889ರಿಂದ 1978ರವರೆಗಿನ ಲೆಕ್ಕ ತೆಗೆದರು. ಭದ್ರ ಸಾಲಪತ್ರಕ್ಕಿಂತ ಶೇರುಗಳು ವರ್ಷಕ್ಕೆ ಸುಮಾರು ಶೇ. 6 ಜಾಸ್ತಿ ಕೊಟ್ಟಿದ್ದವು. ಮನುಷ್ಯ ಹೆದರುವ ಮಟ್ಟಕ್ಕೆ ಒಪ್ಪುವಂಥ ಅಂಕಿ ಹಾಕಿದರೆ ಅವರ ಮಾದರಿ ಕೊಟ್ಟದ್ದು ಹೆಚ್ಚೆಂದರೆ 0.35. ಆ ಅಂತರವನ್ನು ತುಂಬಲು ಇನ್ನೂ ಬರೆಯುತ್ತಲೇ ಇದ್ದಾರೆ.

ರೈನ್ ದಂಡೆ

ತೊಗರಿಹೊಲ, ಒಂದು ತಿದ್ದುಪಡಿ. 300 ನಿಮ್ಮ ಅಪ್ಪನ ಬೆಲೆ, ಮಾರುಕಟ್ಟೆಯದ್ದಲ್ಲ. ಕಂಪ್ಲೀಟ್ ಮಾರ್ಕೆಟ್ ಆಗಿದ್ದರೆ ಎಲ್ಲರ ತೂಕವೂ ಒಂದೇ ಆಗುತ್ತಿತ್ತು. ಇಲ್ಲಿ ಆಗಬೇಕಿಲ್ಲ. ಊರಲ್ಲಿ ಇನ್ನೊಬ್ಬರನ್ನು ಕೇಳಿ ನೋಡಿ. ಉತ್ತರ ಬೇರೆ ಬಂದರೆ, ಇಬ್ಬರೂ ಒಬ್ಬರಿಗೊಬ್ಬರು ಈ ರಿಸ್ಕ್ ಮಾರಿಕೊಳ್ಳಲು ದಾರಿಯೇ ಇಲ್ಲ ಅಂತ ಅರ್ಥ. ಅದು ದೊಡ್ಡ ವಿಷಯ. ನಿಮ್ಮ ಡಿಸರ್ಟೇಶನ್‌ಗೆ ಆಗುವಷ್ಟು ದೊಡ್ಡದು.

ತೊಗರಿಹೊಲ

ಈಗಷ್ಟೇ ಫೋನ್ ಮಾಡಿ ಚಿಕ್ಕಪ್ಪನಿಗೆ ಕೇಳಿದೆ. ಪಕ್ಕದ ಹೊಲ, ಅದೇ ಮಣ್ಣು, ಅದೇ ಮಳೆ. 450 ಅಂದರು. ತೂಕ 0.28 ಬರುತ್ತದೆ. ಚಿಕ್ಕಪ್ಪನಿಗೆ ಸಾಲ ಜಾಸ್ತಿ ಇದೆ.